ಸುಮತಿಜಿ ಗೆಲ್ಲದ ಯುದ್ಧ

ಟ್ಯಾಂಕ್ ಓಡಿಸುವಾಗ ಸುಮತಿಜಿ ಕೀಬೋರ್ಡಿನ ಕಡೆ ನೋಡುತ್ತಲೇ ಇರಲಿಲ್ಲ. ಬೆನ್ನು ನೆಟ್ಟಗೆ, ಕಣ್ಣು ಪರದೆಯ ಮೇಲೆ, ಹತ್ತು ಬೆರಳೂ ಹತ್ತು ಕಡೆ. ಮೂವತ್ತೈದು ವರ್ಷ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಸ್ಟೆನೋ ಆಗಿದ್ದ ಬೆರಳುಗಳವು. ಕಾಟನ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅವರು ಶತ್ರುಗಳ ಬಂಕರ್ ಉಡಾಯಿಸುತ್ತಿದ್ದರೆ, ಒಳಗೆ ಒಲೆಯ ಮೇಲೆ ಹುಳಿ ಕುದಿಯುತ್ತಿರುತ್ತಿತ್ತು.

ನಾನು ದಿಲ್ಲಿಯ ಮಯೂರ್ ವಿಹಾರ್‌ನ ಒಂದು ಹೌಸಿಂಗ್ ಸೊಸೈಟಿಗೆ ಬಾಡಿಗೆಗೆ ಬಂದ ವಾರವೇ ಅವರ ಪರಿಚಯವಾಯಿತು. ನನ್ನದು ನಾಲ್ಕನೆಯ ಮಹಡಿ, ಅವರದು ಮೂರನೆಯದು. ಶನಿವಾರ ಸಂಜೆ ತರಕಾರಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದಾಗ ಅವರ ಬಾಗಿಲೊಳಗಿಂದ ಬಾಂಬುಗಳ ಸದ್ದು. ಅದರ ನಡುವೆ ಒಂದು ಹೆಣ್ಣುದನಿ ಅಪ್ಪಟ ಕನ್ನಡದಲ್ಲಿ ಕೂಗಿತು: “ಹಿಂದೆ ಬನ್ರೋ! ಸಾಯ್ತೀರಿ, ಹಿಂದೆ ಬನ್ನಿ!”

ಹೊಸಪೇಟೆ ಬಿಟ್ಟು ಬಂದು ಎರಡು ತಿಂಗಳಾಗಿತ್ತು. ಕನ್ನಡ ಕಿವಿಗೆ ಬಿದ್ದದ್ದೇ ಗಂಟೆ ಒತ್ತಿಬಿಟ್ಟೆ.

ಬಾಗಿಲು ತೆರೆದವರು ನನ್ನ ಮಾತು ಕೇಳಿ, “ಅಚ್ಛಾ, ಕನ್ನಡದವಳಾ? ಒಳಗೆ ಬಾ ಮಾರಾಯ್ತಿ. ಚಪ್ಪಲಿ ಆಮೇಲೆ ಬಿಚ್ಚು, ಅಲ್ಲಿ ನನ್ನ ಆರು ಜನ ಸಿಕ್ಕಿಹಾಕಿಕೊಂಡಿದ್ದಾರೆ” ಎಂದು ಓಡಿಹೋಗಿ ಕುರ್ಚಿಯಲ್ಲಿ ಕುಳಿತರು. ಆ ಆರು ಜನ ಪಾರಾದ ಮೇಲೆಯೇ ನನ್ನ ಹೆಸರು ಕೇಳಿದ್ದು.

ಕುಂದಾಪುರದ ಕಡೆಯವರು. ಇಪ್ಪತ್ತೆರಡರ ವಯಸ್ಸಿಗೆ ದಿಲ್ಲಿಗೆ ಬಂದು, ಆರ್.ಕೆ.ಪುರಂ ಕ್ವಾರ್ಟರ್ಸ್‌ನಲ್ಲಿ ಬದುಕಿನ ಬಹುಪಾಲು ಕಳೆದು, ನಿವೃತ್ತಿಯ ಮೇಲೆ ಈ ಫ್ಲ್ಯಾಟಿಗೆ ಬಂದಿದ್ದರು. ಮದುವೆಯಾಗಿರಲಿಲ್ಲ. ಯಾಕೆಂದು ಯಾರಾದರೂ ಕೇಳಿದರೆ “ಡಿಕ್ಟೇಷನ್ ಆಫೀಸಲ್ಲಿ ತಗೊಂಡಿದ್ದೇ ಸಾಕಾಯ್ತು” ಎನ್ನುತ್ತಿದ್ದರು.

ಆಟ ಅಂಟಿಕೊಂಡದ್ದೂ ಆಫೀಸಿನಲ್ಲೇ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಾಗ ಹಳಬರೆಲ್ಲ ಅದನ್ನು ಮುಟ್ಟಲು ಹೆದರಿದರಂತೆ. ಕಲಿಸಲು ಬಂದಾತ, ಕೈ ಪಳಗಲಿ ಎಂದು ಈ ಯುದ್ಧದ ಆಟ ಹಾಕಿಕೊಟ್ಟಿದ್ದ. ಮೇಲಿನಿಂದ ನೋಡಿದರೆ ಹಸಿರು ನಕ್ಷೆ, ಎಳ್ಳಿನಷ್ಟು ಸಣ್ಣ ಸೈನಿಕರು. ಯಾರು ಎಲ್ಲಿಗೆ ಹೋಗಬೇಕೆಂದು ಅಲ್ಲಿಂದಲೇ ಆಜ್ಞೆ ಕೊಡಬಹುದು. ಬೇಕೆನಿಸಿದರೆ ಒಂದು ಗುಂಡಿ ಒತ್ತಿ ಯಾವುದೇ ಟ್ಯಾಂಕಿನೊಳಗೆ ಇಳಿದು ನಾವೇ ಓಡಿಸಬಹುದು. ಬೇರೆಯವರೆಲ್ಲ ಕೈ ಪಳಗಿದ ಮೇಲೆ ಆಟ ಬಿಟ್ಟರು. ಸುಮತಿಜಿ ಬಿಡಲಿಲ್ಲ. ಅದು ಹೊಸ ಯಂತ್ರಗಳಲ್ಲಿ ಓಡುವುದಿಲ್ಲವೆಂದು, ಡಬ್ಬದಂಥ ಮಾನಿಟರಿನ ಆ ಹಳೆಯ ಕಂಪ್ಯೂಟರನ್ನು ಮಗುವಿನಂತೆ ಸಾಕಿದ್ದರು. ಮಧ್ಯಾಹ್ನ ಅದಕ್ಕೊಂದು ಟವೆಲ್ ಹೊದಿಸುತ್ತಿದ್ದರು.

ಆಟದಲ್ಲಿ ಹದಿನಾಲ್ಕು ಯುದ್ಧಗಳಿದ್ದವು. ಸುಮತಿಜಿ ವರ್ಷಗಳಿಂದ ಹನ್ನೊಂದನೆಯದರಲ್ಲೇ ನಿಂತಿದ್ದರು. ಅಲ್ಲೊಂದು ಸೇತುವೆ. ಶತ್ರುಗಳ ಟ್ಯಾಂಕುಗಳು ದಾಟುವ ಮೊದಲು ಅದನ್ನು ಸಿಡಿಸಬೇಕು. ಆದರೆ ನಮ್ಮವರು ಮೂವರು ಕೆಟ್ಟುನಿಂತ ಲಾರಿಯೊಂದಿಗೆ ಆಚೆ ದಡದಲ್ಲಿ ಉಳಿದಿರುತ್ತಾರೆ. ಅವರನ್ನು ಬಿಟ್ಟು ಸಿಡಿಸಿದರೆ ಗೆಲುವು. ಸುಮತಿಜಿ ಪ್ರತಿಸಲವೂ ಅವರನ್ನು ಕರೆತರಲು ಜೀಪ್ ಕಳಿಸುತ್ತಿದ್ದರು, ಪ್ರತಿಸಲವೂ ಸೋಲುತ್ತಿದ್ದರು.

“ಮೂರು ಜನ ತಾನೇ ಸುಮತಿಜಿ? ಮುಂದೆ ಹೋಗೋಣ, ಇದು ಬರೀ ಆಟ” ಎಂದೆ ಒಮ್ಮೆ.

“ಆಟ ಅಂತ ನಂಗೂ ಗೊತ್ತು ಮಾರಾಯ್ತಿ. ಆದ್ರೆ ಗುಂಡಿ ಒತ್ತೋ ಬೆರಳು ಯಾರದ್ದು?” ಎಂದರು.

ನಾನು ನಕ್ಕುಬಿಟ್ಟೆ. ಆ ಮಾತು ನನಗೆ ಅರ್ಥವಾದದ್ದು ಮರುವರ್ಷ.

ಆಗ ನಾನು ನೋಯ್ಡಾದ ಒಂದು ಕಂಪನಿಯಲ್ಲಿ ಟೀಮ್ ಲೀಡ್. ಒಂದು ಸೋಮವಾರ ಮ್ಯಾನೇಜರ್ ಕರೆದು, ನನ್ನ ತಂಡದಿಂದ ಇಬ್ಬರನ್ನು ತೆಗೆಯಬೇಕು, ಹೆಸರು ನೀನೇ ಕೊಡು, ಶುಕ್ರವಾರ ಅವರಿಗೆ ಮೇಲ್ ಹೋಗುತ್ತದೆ, ಅಲ್ಲಿಯತನಕ ಬಾಯಿ ಬಿಡಬೇಡ ಎಂದರು. ಸಂಜೆ ನೇರ ಸುಮತಿಜಿಯ ಮನೆಗೆ ಹೋದೆ. ಮುಖ ನೋಡಿದವರೇ ಕಂಪ್ಯೂಟರ್ ಆರಿಸಿದರು. ನನಗಾಗಿ ಅವರು ಆಟ ನಿಲ್ಲಿಸಿದ್ದು ಅದೊಂದೇ ಸಲ.

ಎಲ್ಲ ಕೇಳಿ ಕಂಪ್ಯೂಟರಿಗೆ ಟವೆಲ್ ಹೊದಿಸಿದರು. ಆಮೇಲೆ ಹೇಳಿದರು: “ನಮ್ಮ ಆಫೀಸಲ್ಲಿ ಕಮಲಾ ಅಂತ ಇದ್ಲು, ದಿನಗೂಲಿ ಮೇಲೆ. ಎಲ್ಲರ ಟೇಬಲ್‌ಗೂ ನೀರು ತಂದಿಡೋಳು. ಒಂದಿನ ಸಾಹೇಬ್ರು ದಿನಗೂಲಿಯವರನ್ನೆಲ್ಲ ತೆಗೆಯೋ ಕಾಗದ ಡಿಕ್ಟೇಟ್ ಮಾಡಿದ್ರು. ನಾನು ಟೈಪ್ ಮಾಡ್ದೆ. ಅವಳ ಹೆಸರಿರೋ ಕಾಗದ ಮೆಷಿನ್ನಲ್ಲೇ ಇತ್ತು, ಅವಳು ಬಂದು ನೀರಿಟ್ಲು. ಅವಳಿಗೆ ಓದೋಕೆ ಬರ್ತಿರ್ಲಿಲ್ಲ. ನಾನು ಶುಕ್ರಿಯಾ ಅಂದು ನೀರು ಕುಡಿದು ಉಳಿದದ್ದು ಟೈಪ್ ಮಾಡ್ದೆ. ಒಂದು ತಪ್ಪೂ ಇರ್ಲಿಲ್ಲ ಅದರಲ್ಲಿ.”

“ನಿಮ್ಮದೇನು ತಪ್ಪು? ನೀವು ಬರೀ...”

“ತಡೆಯೋಕೆ ಆಗ್ತಿರ್ಲಿಲ್ಲ, ಸರಿ. ಹೇಳೋಕೆ ಆಗ್ತಿತ್ತಲ್ಲ? ನಾಲ್ಕು ದಿನ ಮೊದಲೇ ಗೊತ್ತಾಗಿದ್ರೆ ಅವಳು ಬೇರೆ ಕಡೆ ಕೇಳ್ತಿದ್ಲು.” ಅವರು ಎದ್ದು ಅಡುಗೆಮನೆಗೆ ಹೋದರು. ಅಲ್ಲಿಂದಲೇ ಹೇಳಿದರು: “ನೀನು ಹೇಳು. ಎದುರು ಕೂತು ಹೇಳು.”

ಮರುದಿನ ಮ್ಯಾನೇಜರ್ ಜೊತೆ ಜಗಳಕ್ಕೇ ನಿಂತೆ. ನಾನು ಹೆಸರು ಕೊಡಬೇಕಾಗಿ ಬಂದ ಇಬ್ಬರಲ್ಲಿ ಒಬ್ಬನಿಗೆ ಬೇರೆ ತಂಡದಲ್ಲಿ ಜಾಗ ಸಿಕ್ಕಿತು. ಜ್ಯೋತಿ ಎಂಬ ಇನ್ನೊಬ್ಬಳಿಗೆ ಸಿಗಲಿಲ್ಲ. ಮಧ್ಯಾಹ್ನ ಅವಳನ್ನು ಕ್ಯಾಂಟೀನಿಗೆ ಕರೆದೊಯ್ದು ಹೇಳಿದೆ. ಅವಳು ಅತ್ತಳು, ಬೈದಳು, ಚಹಾ ಹಾಗೇ ಬಿಟ್ಟು ಎದ್ದುಹೋದಳು. ಎರಡು ದಿನ ನನ್ನ ಮುಖ ನೋಡಲಿಲ್ಲ. ಮೂರನೆಯ ದಿನ ತನ್ನ ರೆಸ್ಯೂಮೆ ಕಳಿಸಿದಳು. ಕೆಳಗೆ ಒಂದೇ ಸಾಲು: “ದೀದಿ, ಏಕ್ ಬಾರ್ ದೇಖ್ ಲೋ.” ಕುಳಿತು ತಿದ್ದಿಕೊಟ್ಟೆ. ಆ ವರ್ಷ ನನ್ನ ಬಡ್ತಿ ನಿಂತುಹೋಯಿತು. ಅದಕ್ಕೂ ಇದಕ್ಕೂ ಸಂಬಂಧವಿತ್ತೋ ಇಲ್ಲವೋ ನಾನರಿಯೆ.

ಸುಮತಿಜಿಗೆ ಇದನ್ನೆಲ್ಲ ಹೇಳಿದಾಗ “ಅಚ್ಛಾ” ಎಂದಷ್ಟೇ ಅಂದು, ತಟ್ಟೆಗೆ ಇನ್ನೆರಡು ನೀರುದೋಸೆ ಹಾಕಿದರು.

ಅದೇ ಭಾನುವಾರ ನಾನೇ ಕೇಳಿದೆ: “ಸೇತುವೆ ಹತ್ತಿರ ಒಂದು ಸಲ ಇಬ್ಬರೂ ಸೇರಿ ಆಡೋಣವಾ?” ಅವರು ಮೌಸ್ ಮುಟ್ಟುವವರಲ್ಲ. ಹಾಗಾಗಿ ಮೌಸ್ ನನಗೆ, ಕೀಬೋರ್ಡ್ ಅವರಿಗೆ. ಒಂದೇ ಮೇಜಿನ ಮುಂದೆ ಎರಡು ಕುರ್ಚಿ. ನಾನು ಜೀಪನ್ನು ಒಮ್ಮೆ ಹೊಳೆಗೆ ಬೀಳಿಸಿದೆ. ಒಮ್ಮೆ ನಮ್ಮದೇ ಬಂಕರಿಗೆ ಗುದ್ದಿದೆ. “ಎಡಕ್ಕೆ! ಎಡ ಅಂದ್ರೆ ಊಟ ಮಾಡದ ಕೈ ಮಾರಾಯ್ತಿ!” ಎಂದು ಅವರು ಬೊಬ್ಬೆ ಹೊಡೆಯುತ್ತಿದ್ದರು. ಏಳನೆಯ ಪ್ರಯತ್ನಕ್ಕೆ ಜೀಪ್ ಆಚೆ ದಡ ಮುಟ್ಟಿತು. ಮೂವರೂ ಹತ್ತಿದರು. ವಾಪಸು ಬರುವಾಗ ಹಿಂದೆಯೇ ಶತ್ರುಗಳ ಟ್ಯಾಂಕುಗಳು. ನಮ್ಮ ಜೀಪ್ ಈಚೆ ಇಳಿಯುವಷ್ಟರಲ್ಲಿ ಅವೂ ಸೇತುವೆ ದಾಟಿಬಿಟ್ಟವು. ಪರದೆ ಕಪ್ಪಾಗಿ, ನೀವು ಸೋತಿರಿ ಎಂಬ ಕೆಂಪಕ್ಷರ ಬಂತು.

ನಾನು ತಲೆ ಮೇಲೆ ಕೈ ಹೊತ್ತು ಕುಳಿತೆ. ಸುಮತಿಜಿ ಮಾತ್ರ ಪರದೆಯ ಮೂಲೆಯ ಸಣ್ಣ ಅಂಕಿಯ ಮೇಲೆ ಬೆರಳಿಟ್ಟು, “ನೋಡು ಇಲ್ಲಿ, ನಮ್ಮವರು ಸತ್ತದ್ದು ಸೊನ್ನೆ. ಸೊನ್ನೆ!” ಎಂದು ಚಪ್ಪಾಳೆ ತಟ್ಟಿದರು. ಆ ಸಂತೋಷಕ್ಕೆ ಕೇಸರಿಬಾತ್ ಮಾಡಿ ಪಕ್ಕದ ಮನೆಗಳಿಗೂ ಹಂಚಿದರು. ಏನು ವಿಶೇಷ ಎಂದು ಕೇಳಿದ ಎದುರುಮನೆಯ ಹೆಂಗಸಿಗೆ “ಸಬ್ ಲೌಟ್ ಆಯೇ”, ಎಲ್ಲರೂ ವಾಪಸು ಬಂದರು, ಎಂದರು. ಆಕೆಗೇನು ತಿಳಿಯಿತೋ, ಕೈಮುಗಿದು ಪ್ರಸಾದದ ಹಾಗೆ ತೆಗೆದುಕೊಂಡಳು.

ಆಮೇಲೆ ನಾನು ಕೆಲಸ ಬದಲಿಸಿ ಗುರುಗ್ರಾಮಕ್ಕೆ ಹೋದೆ. ವಾರಕ್ಕೊಮ್ಮೆಯ ಭೇಟಿ ತಿಂಗಳಿಗೊಮ್ಮೆಯಾಯಿತು, ಆಮೇಲೆ ಹಬ್ಬಕ್ಕೊಮ್ಮೆ. ಕಳೆದ ಮಾರ್ಚಿನಲ್ಲಿ ಅವರು ನಿದ್ದೆಯಲ್ಲೇ ಹೋದರೆಂದು ಎದುರುಮನೆಯವರು ಫೋನ್ ಮಾಡಿದರು. ನಾನು ತಲುಪುವಷ್ಟರಲ್ಲಿ ಅವರ ತಮ್ಮನ ಮಕ್ಕಳು ಬಂದು ಎಲ್ಲ ಮುಗಿಸಿದ್ದರು.

ಕೊನೆಯ ಸಲ ನೋಡಿದ್ದು ಅದಕ್ಕೂ ಒಂದು ತಿಂಗಳ ಹಿಂದೆ. ಫೆಬ್ರವರಿಯ ಎಳೆಬಿಸಿಲಿನಲ್ಲಿ ಬಾಲ್ಕನಿಯಲ್ಲಿ ಕುಳಿತು ಇಬ್ಬರೂ ಬಟಾಣಿ ಸುಲಿದೆವು. ಹೊರಟಾಗ, ಮಂಡಿನೋವಿದ್ದರೂ ನನ್ನೊಂದಿಗೆ ಮೂರು ಮಹಡಿ ಇಳಿದು ಗೇಟಿನವರೆಗೆ ಬಂದರು. ಆಟೋದವನಿಗೆ “ಭಯ್ಯಾ, ಆರಾಮ್ ಸೇ” ಎಂದರು. ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಅವರು ಕೈ ಬೀಸುತ್ತಿರಲಿಲ್ಲ. ಕನ್ನಡಕ ಏರಿಸಿ, ಬ್ಲೌಸಿಗೆ ಸಿಕ್ಕಿಸಿದ್ದ ಪೆನ್ನು ತೆಗೆದು, ಆಟೋದ ನಂಬರನ್ನು ಅಂಗೈ ಮೇಲೆ ಬರೆದುಕೊಳ್ಳುತ್ತಿದ್ದರು.

ನನಗೆ ಮನೆ ತಲುಪಿ ಫೋನ್ ಮಾಡುವುದು ಮರೆತೇಹೋಗಿತ್ತು. ನೆನಪಾದಾಗ ಮಧ್ಯಾಹ್ನ ಮೂರು ದಾಟಿತ್ತು. ಮೊದಲ ರಿಂಗಿಗೇ ಎತ್ತಿದರು.

“ತಲುಪಿದ್ಯಾ? ಚಲೋ, ಹಾಗಾದ್ರೆ ನಾನಿನ್ನು ಊಟಕ್ಕೆ ಕೂರ್ತೀನಿ.”