ಎಣ್ಣೆ ಹಚ್ಚಿದ ಬರಲು

ಖಾನಾಪುರ ಕಡೆಯ ಸಾಲಿಗೆ ನಾನು ದಿನಾ ಬೆಳಗಾವಿಯಿಂದ ಬಸ್ಸಿನಲ್ಲಿ ಹೋಗಿ ಪಾಠ ಮಾಡುತ್ತಿದ್ದೆ. ಪಾಲಕರು ಸಭೆಗೇ ಬರುತ್ತಿರಲಿಲ್ಲ. ಸಿಟ್ಟು ಬಂದು, ‘ಮಕ್ಕಳ ಕಲಿಕೆಗೆ ನಿಮ್ಮ ಕೈಯಾರೆ ಏನಾದರೂ ಮಾಡಿ ತನ್ನಿ’ ಎಂದು ಚೀಟಿ ಕಳಿಸಿದೆ.

ಕೆಲವರು ಮಣ್ಣಿನ ಹಣ್ಣು, ಎಣಿಸಲಿಕ್ಕೆ ಬೀಜದ ಸರ ತಂದರು. ಕುರಿ ಕಾಯುವ ಒಬ್ಬ ಅಪ್ಪ ಹುಣಸೆಯ ಬರಲು, ಅಂದರೆ ತೆಳ್ಳನೆಯ ಕೋಲು, ತಂದ. ಸಿಪ್ಪೆ ಸುಲಿದು, ಎಣ್ಣೆ ಹಚ್ಚಿ ನುಣುಪು ಮಾಡಿದ್ದ.

‘ನನಗ ಅಕ್ಷರ ಬರಂಗಿಲ್ರೀ ಟೀಚರ್. ಮಗಳಿಗೆ ಇದರ್ಲೆ ಬಡೀರಿ, ಶಾಣ್ಯಾಕಿ ಆಗ್ಲಿ’ ಎಂದು ಎರಡೂ ಕೈಯಿಂದ ನನ್ನತ್ತ ಚಾಚಿದ.

ನನ್ನ ಮೈ ಉರಿಯಿತು. ಎಲ್ಲರ ಮುಂದೆ ಬೈದೆ. ಅವನು ಪಕ್ಕದಲ್ಲೇ ನಿಂತಿದ್ದ ಮೂರನೇ ತರಗತಿಯ ಮಗಳತ್ತ ತಿರುಗಿ, ‘ನಿನ್ನ ಸಲುವಾಗಿ ಮರ್ಯಾದಿ ಹೋತು’ ಎಂದು ಅದೇ ಬರಲಿನಿಂದ ಬಾರಿಸಿದ. ಕಾಲ ಮೇಲೆ ಬಾಸುಂಡೆ ಎದ್ದವು. ಹುಡುಗಿ ತುಟಿ ಕಚ್ಚಿ ನಿಂತಳು, ಅಳಲಿಲ್ಲ.

ನಾನು ಬರಲು ಕಸಿದುಕೊಂಡೆ. ‘ಹೆಂಗ ಅನಸ್ತೈತಿ ನೋಡು’ ಎಂದು ಅವನ ಕೈಮೇಲೆ ಬಾರಿಸಿದೆ. ಒಂದಲ್ಲ, ಮೂರು ಸಲ. ಅವನು ಕೈ ಹಿಂದಕ್ಕೆ ತೆಗೆಯಲಿಲ್ಲ.

ಆಗ ಹುಡುಗಿ ಹೋ ಎಂದು ಅಳುತ್ತ ನಮ್ಮಿಬ್ಬರ ನಡುವೆ ಬಂದು ತನ್ನ ಅಂಗೈ ಚಾಚಿದಳು: ‘ಅಪ್ಪಗ ಬ್ಯಾಡ್ರೀ ಟೀಚರ್. ನನಗ ಬಡೀರಿ.’