ಹೊಸಿಲಾಚೆಯ ಒಗ್ಗರಣೆ

ಇವತ್ತು ಬೆಳಿಗ್ಗೆ ಶೆಟ್ಟಿಹಳ್ಳಿಯ ನಮ್ಮ ಮನೆ ಮುಂದೆ ತಳ್ಳುಗಾಡಿಯವನು ಅವರೆಕಾಯಿ ತೂಗಿ ಕೊಟ್ಟು ಹೋದ. ಅದರ ಸೊಗಡು ಕೈಗೆ ಅಂಟಿತೋ ಇಲ್ಲವೋ, ಗುಬ್ಬಿಯ ಪುಟ್ಟತ್ತೆ ನೆನಪಾದಳು. ನಿಮಗೂ ಇಂಥ ಅತ್ತೆಯೊಬ್ಬಳು ಇದ್ದಿರಬಹುದು.

ಪುಟ್ಟತ್ತೆ ನಮ್ಮಪ್ಪನ ತಂಗಿ. ಚಿಕ್ಕಂದಿನಿಂದ ಮೂರ್ಛೆರೋಗ. ಬೆಂಕಿ, ನೀರಿನ ಹತ್ತಿರ ಬಿಡಬಾರದೆಂದು ಹಿರಿಯರ ಕಟ್ಟಪ್ಪಣೆ. ಮೂವತ್ತು ದಾಟಿದರೂ ಅಡುಗೆಮನೆಯ ಹೊಸಿಲಿನ ಹೊರಗೆ ಕೂತು ಅವರೆಕಾಯಿ ಸುಲಿಯುವುದಷ್ಟೇ ಅವಳ ಪಾಲಿಗೆ. ತೊಂಬತ್ತರ ದಶಕದ ಕೊನೆಗೆ ತುಮಕೂರಿನ ಡಾಕ್ಟರೊಬ್ಬರು ಹೊಸ ಮಾತ್ರೆ ಕೊಟ್ಟರು. ಫಿಟ್ಸ್ ನಿಂತಿತು. ವರ್ಷ ಕಳೆದ ಮೇಲೆ ಅಜ್ಜಿ ಸೌಟನ್ನು ಅವಳ ಕೈಗೆ ಕೊಟ್ಟಳು. ಅತ್ತೆಯ ಹಿತಕಿದವರೆ ಸಾರಿಗಾಗಿ ನಾನು ಕಾಲೇಜಿಗೆ ಚಕ್ಕರ್ ಹೊಡೆದು ಗುಬ್ಬಿ ಬಸ್ ಹತ್ತುತ್ತಿದ್ದೆ. ನನ್ನ ಡಿಗ್ರಿ ತಡವಾಗಿದ್ದಕ್ಕೆ ಆ ಸಾರೇ ಕಾರಣ ಎಂದರೆ ಇಂದಿಗೂ ಯಾರೂ ನಂಬುವುದಿಲ್ಲ.

ಒಂದು ಅವರೆ ಸುಗ್ಗಿಯಲ್ಲಿ ಅವಳ ಕಣ್ಣು ಹಳದಿಯಾಯಿತು. ಕಾಮಾಲೆ ಎಂದರೆ ನಮ್ಮ ಕಡೆ ಡಾಕ್ಟರ ಬಳಿ ಯಾರು ಹೋಗುತ್ತಾರೆ? ಕುಣಿಗಲ್ ಕಡೆಯ ನಾಟಿ ಔಷಧಿಗೆ ಕರೆದೊಯ್ದರು. ಎಣ್ಣೆ, ಒಗ್ಗರಣೆ ಬಿಟ್ಟು ಪಥ್ಯ. ತಾನು ಬರೀ ಮಜ್ಜಿಗೆ ಅನ್ನ ಉಂಡು ನಮಗೆಲ್ಲ ಘಮಘಮ ಸಾರು ಬಡಿಸಿದಳು. ಅಜ್ಜಿಯದು ಒಂದೇ ಎಚ್ಚರ: "ಸೊಪ್ಪಿನ ರಸ ಕುಡುದ್ರೂ ಫಿಟ್ಸ್ ಮಾತ್ರೆ ಮಾತ್ರ ತಪ್ಪಿಸ್ಬ್ಯಾಡ ಕಣೇ." ಅತ್ತೆ ತಪ್ಪಿಸಲಿಲ್ಲ. ಒಲೆಯ ಆಸೆ ಅಷ್ಟಿತ್ತು.

ಹೊಟ್ಟೆ ಊದಿಕೊಂಡ ಮೇಲೆ ತುಮಕೂರಿಗೆ ತಂದೆವು. ರಕ್ತ ಪರೀಕ್ಷೆ ನೋಡಿದ ಡಾಕ್ಟರು, "ಇದು ಮಾಮೂಲಿ ಕಾಮಾಲೆ ಅಲ್ಲ. ಅಪರೂಪಕ್ಕೆ ಕೆಲವರಿಗೆ ಈ ಫಿಟ್ಸ್ ಮಾತ್ರೇನೇ ಲಿವರ್ ಕೆಡಿಸುತ್ತೆ. ಇದನ್ನ ನಿಲ್ಸಿ ಬೇರೆ ಕೊಡ್ತೀನಿ" ಎಂದರು.

ಅತ್ತೆ ಲಿವರ್ ಬಗ್ಗೆ ಕೇಳಲೇ ಇಲ್ಲ. "ಬೇರೆ ಮಾತ್ರೆ ತಗಂಡ್ರೆ ಒಲೆ ಮುಂದೆ ನಿಂತ್ಕಬೋದಾ ಸಾರ್?"

"ನೋಡೋಣಮ್ಮ" ಎಂದರು ಡಾಕ್ಟರು.

ಬೇರೆ ಮಾತ್ರೆಗೆ ಫಿಟ್ಸ್ ಬಗ್ಗಲಿಲ್ಲ. ಅತ್ತೆ ಮತ್ತೆ ಹೊಸಿಲಿನ ಹೊರಗೆ ಕೂತಳು. ಒಲೆ ಮುಂದೆ ನಾನು, ಬಾಣಲೆ ಹಿಡಿಯಲೂ ಬಾರದ ಗಂಡಸು. ಬರೀ ವಾಸನೆ ಹಿಡಿದು ಅವಳು ಅಡುಗೆ ಮಾಡಿಸುತ್ತಿದ್ದಳು: "ಸಾಸ್ವೆ ಸಿಡೀತು, ಬೆಳ್ಳುಳ್ಳಿ ಹಾಕು ಕಣ್ಲಾ. ಹೂಂ, ಇಳ್ಸು, ಸೀದೋಯ್ತದೆ." ಕೆಟ್ಟ ಲಿವರ್ ಚೇತರಿಸಿಕೊಳ್ಳಲಿಲ್ಲ. ಮುಂದಿನ ಅವರೆಕಾಯಿ ಬರುವಷ್ಟರಲ್ಲಿ ಅತ್ತೆ ಹೊರಟುಹೋದಳು. ಇನ್ನೊಮ್ಮೆ ಅವಳ ದನಿ ಕೇಳುವಂತಿದ್ದರೆ ಎಂಬ ಆಸೆ ಇಷ್ಟು ವರ್ಷವಾದರೂ ನನ್ನನ್ನು ಬಿಟ್ಟಿಲ್ಲ.

ಇವತ್ತು ಸಂಜೆ ಕಾಳು ಹಿತಕಿ ನಾನೇ ಸಾರು ಕುದಿಸಿದೆ. ಎಣ್ಣೆಗೆ ಸಾಸಿವೆ, ಬೆಳ್ಳುಳ್ಳಿ ಹಾಕಿ, ನನಗೇ ಗೊತ್ತಿಲ್ಲದೆ ಹೊಸಿಲ ಕಡೆ ತಿರುಗಿ ನಿಂತೆ. ಇಳಿಸು ಅನ್ನುವವರು ಯಾರೂ ಇರಲಿಲ್ಲ. ಆದರೂ ಕಾದೆ. ಬೆಳ್ಳುಳ್ಳಿ ಸೀದುಹೋಯಿತು.