ಟೈಲರ್ ಅಂಗಡಿಯ ಬಾಕ್ಸಿಂಗ್

ಎಪ್ಪತ್ತರ ದಶಕದ ಕೊನೆಯಲ್ಲಿ ನಾವು ಮೂವರು ಪ್ರತಿ ಭಾನುವಾರ ಬೆಳಿಗ್ಗೆ ಮತ್ತಿಕೆರೆಯ ಒಂದು ಟೈಲರ್ ಅಂಗಡಿಯಲ್ಲಿ ಕೂತು, ಎಂದೋ ಸತ್ತುಹೋದ ಬಾಕ್ಸರುಗಳನ್ನು ಬದುಕಿರುವ ಬಾಕ್ಸರುಗಳ ಜೊತೆ ಹೊಡೆದಾಡಿಸುತ್ತಿದ್ದೆವು. ಅವರಲ್ಲಿ ಒಬ್ಬನನ್ನೂ ನಾವು ಕಣ್ಣಾರೆ ಕಂಡಿರಲಿಲ್ಲ. ಯಶವಂತಪುರದ ರದ್ದಿ ಅಂಗಡಿಯಲ್ಲಿ ಸಿಗುತ್ತಿದ್ದ ಹಳೆಯ ಇಂಗ್ಲಿಷ್ ಪತ್ರಿಕೆಗಳ ಫೋಟೋಗಳೇ ನಮಗೆ ಆಧಾರ. ಅವರ ಹೆಸರುಗಳು ನಮ್ಮ ನಾಲಿಗೆಯಲ್ಲಿ ಹೊರಳುತ್ತಿರಲಿಲ್ಲ, ಹಾಗಾಗಿ ನಾವೇ ನಾಮಕರಣ ಮಾಡಿದ್ದೆವು. ಅಜ್ಜಂದಿರ ಕಾಲದವನೊಬ್ಬ ಮೊದಲು ಕುಲುಮೆಯಲ್ಲಿ ದುಡಿದಿದ್ದನಂತೆ, ಅವನು ಕಮ್ಮಾರ. ನಮ್ಮ ಕಾಲದ ದೈತ್ಯನೊಬ್ಬನಿಗೆ ಲಾರಿ ಎಂದು ಹೆಸರು. ಇಬ್ಬರೂ ಒಂದೇ ಏಟಿಗೆ ಎದುರಾಳಿಯನ್ನು ಮಲಗಿಸುವವರು. ಆದರೆ ಕಮ್ಮಾರನ ಕಾಲದ ಗ್ಲೌಸು ತೆಳು, ರೌಂಡುಗಳು ಇಪ್ಪತ್ತು ದಾಟುತ್ತಿದ್ದವು. ಲಾರಿಯ ಗ್ಲೌಸು ದಿಂಬಿನ ಹಾಗೆ, ಹದಿನೈದು ರೌಂಡಿಗೆ ಆಟ ಮುಕ್ತಾಯ. ಯಾರ ಗ್ಲೌಸು ಹಾಕಿಸುವುದು ಎಂದು ತೀರ್ಮಾನಿಸಲಿಕ್ಕೇ ನಮಗೆ ಮೂರು ಭಾನುವಾರ ಹಿಡಿಯಿತು.

ಅಂಗಡಿ ಮಾಸ್ಟರದು. ಮನೆಯಲ್ಲಿ ದಖನಿ ಉರ್ದು, ಅಂಗಡಿಯಲ್ಲಿ ಕನ್ನಡ. ಐವತ್ತು ದಾಟಿದ್ದ ಅವರು ಹರೆಯದಲ್ಲಿ ಮಿಲಿಟರಿ ಪರವಾಗಿ ಬಾಕ್ಸಿಂಗ್ ಆಡಿದ್ದರು. ಎರಡನೆಯವರು ರೈಲು ಎಂಜಿನ್ ಓಡಿಸಿ ನಿವೃತ್ತರಾದ ಡ್ರೈವರು. ಅಲ್ಲಾಳಸಂದ್ರದವರು, ಮಾಸ್ಟರಿಗಿಂತ ಹತ್ತು ವರ್ಷ ದೊಡ್ಡವರು. ಅವರೂ ಒಂದು ಕಾಲಕ್ಕೆ ರೈಲ್ವೆಯವರ ಕಡೆಯಿಂದ ರಿಂಗಿಗೆ ಇಳಿದವರೇ. ಮೂರನೆಯವನು ನಾನು, ಕಾರ್ಖಾನೆಯೊಂದರಲ್ಲಿ ಇನ್‌ಸ್ಪೆಕ್ಟರ್. ಬೇರೆಯವರು ಮಾಡಿದ ಸಾಮಾನನ್ನು ಅಳೆದು ನೋಡಿ ಪಾಸ್ ಅಥವಾ ರಿಜೆಕ್ಟ್ ಎನ್ನುವುದೇ ನನ್ನ ಉದ್ಯೋಗ. ಅಭ್ಯಾಸಬಲದಿಂದ ಅಂಗಡಿಯಲ್ಲೂ ತೀರ್ಪು ಕೊಡುವ ಕೆಲಸ ನನಗೇ ಬಂತು. ನಾನೂ ಬೇಡ ಎನ್ನಲಿಲ್ಲ.

ನಮ್ಮದೊಂದು ಪದ್ಧತಿ ಇತ್ತು. ಮೊದಲು ಮಾಸ್ಟರು ಫೋಟೋದ ಮೇಲೆ ಟೇಪು ಇಟ್ಟು ಬಾಕ್ಸರನ ಅಳತೆ ತೆಗೆಯುವರು. ಗದ್ದದಿಂದ ನೆತ್ತಿಯವರೆಗೆ ಒಂಬತ್ತು ಇಂಚು ಎಂದು ಹಿಡಿದು ತೋಳು, ಎದೆ, ಭುಜ ಎಲ್ಲಕ್ಕೂ ಲೆಕ್ಕ ಹೇಳುವರು. ಆಮೇಲೆ ಒಬ್ಬನ ಪರ ಮಾಸ್ಟರು, ಇನ್ನೊಬ್ಬನ ಪರ ಡ್ರೈವರು ವಕೀಲರಂತೆ ವಾದಿಸುವರು. ಕೊನೆಗೆ ನಾನು ಯಾವ ರೌಂಡಿನಲ್ಲಿ ಯಾರು ಬಿದ್ದರು ಎಂದು ಹೇಳುವೆ. ಹೇಳಿದ ಮೇಲೆ ಮುಗಿಯಿತು, ಮರುವಿಚಾರಣೆ ಇಲ್ಲ.

ಒಂದೇ ಒಂದು ಸಲ ಹಳೆಯ ತೀರ್ಪುಗಳನ್ನು ಹೊಡೆದುಹಾಕಿದ್ದುಂಟು. ಎಡಚ ಎಂದು ನಾವು ಕರೆಯುತ್ತಿದ್ದವನು ಓವರ್‌ಕೋಟು ತೊಟ್ಟೇ ಎಡಮುಷ್ಟಿ ಎತ್ತಿ ನಿಂತಿದ್ದ ಒಂದೇ ಫೋಟೋ ನಮ್ಮಲ್ಲಿತ್ತು. ಅವನ ಎಡಗೈಯ ಭೀಕರ ಹೊಡೆತವನ್ನು ಎರಡು ವರ್ಷ ವರ್ಣಿಸಿದ್ದೆವು. ಒಂದು ದಿನ ಮಾಸ್ಟರು ಆ ಫೋಟೋ ನೋಡುತ್ತಾ ತಲೆ ಮೇಲೆ ಕೈ ಹೊತ್ತರು. "ಏನ್ ಕೆಲಸ ಆಯ್ತು ನೋಡಿ ಸಾರ್! ಗಂಡಸರ ಕೋಟಲ್ಲಿ ಗುಂಡಿ ಹಾಕೋವಾಗ ಎಡಗಡೆ ಅಂಚು ಮೇಲ್ ಬರ್ಬೇಕು. ಇಲ್ಲಿ ಬಲಗಡೆ ಮೇಲಿದೆ. ಪ್ರಿಂಟ್ ಮಾಡೋರು ಫೋಟೋನೇ ತಿರುಗಿಸಿ ಹಾಕವ್ರೆ. ಇವ್ನು ಎಡಚ ಅಲ್ವೇ ಅಲ್ಲ." ಡ್ರೈವರು ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ. ಎಡಚನ ಹನ್ನೊಂದು ಹೋರಾಟಗಳನ್ನೂ ರದ್ದು ಮಾಡಿ ಮತ್ತೆ ಮೊದಲಿನಿಂದ ಆಡಿಸಿದೆ. ಅಂಥ ಮನುಷ್ಯ ನಾನು.

ಮಾಸ್ಟರಿಗೂ ಡ್ರೈವರಿಗೂ ಪರಿಚಯವಾದದ್ದು ರಿಂಗಿನಲ್ಲಿ. ಮಿಲಿಟರಿಯವರಿಗೂ ರೈಲ್ವೆಯವರಿಗೂ ನಡೆದ ಪಂದ್ಯವೊಂದರಲ್ಲಿ ಮಾಸ್ಟರ ಬಲಗೈ ಏಟಿಗೆ ಡ್ರೈವರು ಎರಡನೇ ರೌಂಡಿನಲ್ಲೇ ನೆಲ ಕಚ್ಚಿದ್ದರು. ಬಹಳ ವರ್ಷಗಳ ಮೇಲೆ ಕೋಟು ಹೊಲಿಸಲು ಬಂದವರು, ಅಳತೆ ತೆಗೆಯುತ್ತಿದ್ದ ಕೈಯನ್ನು ನೋಡಿ ಗುರುತು ಹಿಡಿದರಂತೆ. ಆಮೇಲೆ ಹದಿನಾಲ್ಕು ವರ್ಷ ಅವರ ಕೋಟುಗಳೆಲ್ಲ ಅಲ್ಲೇ ಹೊಲಿದದ್ದು. ಆ ಸೋಲಿನ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಹದಿನಾಲ್ಕನೇ ವರ್ಷ ಡ್ರೈವರಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾಯಿತು. ಡಾಕ್ಟರು ಆಪರೇಷನ್ ಬೇಡ ಅಂದರು. ಬೇಡ ಅಂದರೆ ಏನರ್ಥ ಎಂದು ಎಲ್ಲರಿಗೂ ತಿಳಿಯಿತು. ಕೋಟಿನೊಳಗೆ ಮನುಷ್ಯ ಅರ್ಧಕ್ಕೆ ಇಳಿದಿದ್ದರು. ಆದರೂ ಭಾನುವಾರ ಬಸ್ಸು ಹತ್ತಿ ಬರುವುದು ತಪ್ಪಲಿಲ್ಲ. ಒಂದು ಭಾನುವಾರ ಜೇಬಿನಿಂದ ಒಂದು ಫೋಟೋ ತೆಗೆದು ಕಟಿಂಗ್ ಟೇಬಲ್ಲಿನ ಮೇಲಿಟ್ಟರು. ಹರೆಯದ ಡ್ರೈವರು, ಗ್ಲೌಸು ತೊಟ್ಟು, ಸ್ಟುಡಿಯೋದ ಪರದೆ ಮುಂದೆ ನಿಂತಿದ್ದರು.

"ಭಾಯ್, ನಂದೂ ನಿಂದೂ ಒಂದ್ ಆಡಿಸ್ ನೋಡಾನ. ಅವತ್ತು ನಂಗೆ ಮೂವತ್ಮೂರು, ನಿಂಗೆ ಇಪ್ಪತ್ಮೂರು. ನನ್ ಇಪ್ಪತ್ಮೂರರಲ್ಲಿ ನೀನ್ ಸಿಕ್ಕಿದ್ರೆ ಏನಾಗ್ತಿತ್ತು?"

"ನಮ್ದೆಲ್ಲಾ ಯಾಕಣ್ಣಾ, ಬಿಡಿ," ಅಂದರು ಮಾಸ್ಟರು.

"ಇನ್ನೆಷ್ಟ್ ಭಾನುವಾರ ಬತ್ತೀನೋ ನಾನು. ಇಂಗೆ ಸೋತೇ ಓಗ್ಬಿಡ್ಬೇಕಾ ಅಂತ ಅದೊಂದ್ ಕೊರಗು."

ಮಾಸ್ಟರು ತಮ್ಮ ಮಿಲಿಟರಿ ದಿನಗಳ ಫೋಟೋ ಹುಡುಕಿ ತಂದರು. ಅವರವರ ಪರ ಅವರೇ ವಾದಿಸಿದರೆ ಜಂಬವಾಗುತ್ತದೆ, ನಾನು ನಿನ್ನ ಪರ, ನೀನು ನನ್ನ ಪರ ಎಂದು ಡ್ರೈವರೇ ನಿಯಮ ಮಾಡಿದರು. ಅವರೇ ಮೊದಲು ಶುರುಮಾಡಿದರು.

"ಈ ಭಾಯಿ ಬಲಗೈ ಐತಲ್ಲ, ಅದು ಬರೋದೇ ಕಾಣಲ್ಲ. ಬಿದ್ಮೇಲೇ ಗೊತ್ತಾಗೋದು. ನೀವೆಲ್ಲ ಫೋಟೋ ನೋಡಿ ಮಾತಾಡ್ತೀರಿ. ನಾನು ತಿಂದು ಮಾತಾಡ್ತಾ ಇವ್ನಿ."

ಮಾಸ್ಟರು ಫೋಟೋದತ್ತ ಬೆರಳು ಮಾಡಿದರು. "ಅಣ್ಣ ಆಗ ಎಂಜಿನ್‌ನಲ್ಲಿ ಫೈರ್‌ಮ್ಯಾನು. ದಿನಾ ಕಲ್ಲಿದ್ದಲು ಎತ್ತಿ ಎತ್ತಿ ಹಾಕಿರೋ ಭುಜ ಇದು. ಈ ಕೈ ಒಂದ್ಸಲ ತಾಗಿದ್ರೆ ನಾನ್ ಏಳ್ತಾನೇ ಇರ್ಲಿಲ್ಲ ಸಾರ್."

ಇಬ್ಬರ ವಾದವನ್ನೂ ನಾನು ಒಪ್ಪಿದೆ. ಇಬ್ಬರ ಏಟೂ ಒಂದೇ ತೂಕದ್ದಾದರೆ ಯಾರ ಕೈ ಮೊದಲು ಮುಟ್ಟುತ್ತದೋ ಅವರೇ ಗೆಲ್ಲುವುದು ಎಂದೆ. ಅಲ್ಲಿಗೆ ಎಲ್ಲವೂ ತೋಳಿನ ಉದ್ದಕ್ಕೆ ಬಂದು ನಿಂತಿತು. ಮಾಸ್ಟರು ಎರಡು ಫೋಟೋಗಳ ಮೇಲೂ ಟೇಪು ಆಡಿಸಿ ಹೇಳಿದರು: "ನಂದು ಇಪ್ಪತ್ನಾಲ್ಕು. ಅಣ್ಣಂದು ಇಪ್ಪತ್ತೈದೂವರೆ."

ಡ್ರೈವರು ಕುರ್ಚಿಯಲ್ಲಿ ನೆಟ್ಟಗಾದರು. ಮುಖಕ್ಕೆ ಸ್ವಲ್ಪ ರಂಗು ಬಂದಂತಿತ್ತು.

ನನ್ನ ಕಣ್ಣಿಗೆ ಅದು ಸರಿಕಾಣಲಿಲ್ಲ. ಗೂಟಕ್ಕೆ ನೇತುಹಾಕಿದ್ದ ಗಿರಾಕಿಗಳ ಅಳತೆ ಪುಸ್ತಕ ತೆಗೆದು ಡ್ರೈವರ ಪುಟ ನೋಡಿದೆ. ತೋಳು ಇಪ್ಪತ್ಮೂರೂವರೆ ಎಂದು ಮಾಸ್ಟರ ಕೈಬರಹದಲ್ಲೇ ಇತ್ತು. "ಎರಡು ಇಂಚು ಹೆಚ್ಚು ಹೇಳಿದ್ರಿ ಮಾಸ್ಟರ್," ಎಂದೆ.

"ಅದು ಹಳೇ ಅಳತೆ ಸಾರ್. ಇರ್ಲಿ ಬಿಡಿ."

"ಮೂಳೆ ಬೆಳೆಯುತ್ತಾ ಮಾಸ್ಟರ್, ಈ ವಯಸ್ಸಲ್ಲಿ?" ಎಂದು ನಾನೇ ಟೇಪು ಕೈಗೆ ತೆಗೆದುಕೊಂಡೆ. ಡ್ರೈವರು ತಾವಾಗಿಯೇ ಕೈ ಚಾಚಿದರು. ಕೋಟಿನ ತೋಳೊಳಗೆ ಕಡ್ಡಿಯಂತಾಗಿದ್ದ ಕೈ. ಭುಜದಿಂದ ಮಣಿಕಟ್ಟಿನವರೆಗೆ ಅಳೆದೆ. ಇಪ್ಪತ್ಮೂರೂವರೆ. ನನ್ನ ಮಾತು ಸರಿಯಾಯಿತೆಂದು ಆ ಗಳಿಗೆಯಲ್ಲಿ ನನಗೆ ಖುಷಿಯಾದದ್ದು ನಿಜ. ಎರಡನೇ ರೌಂಡು, ಮಾಸ್ಟರ ಗೆಲುವು ಎಂದು ತೀರ್ಪು ಕೊಟ್ಟೆ.

"ಅಂಗಾದ್ರೆ ನಾನು ಸೋತಿದ್ದು ವಯಸ್ಸಾಗಿ ಅಲ್ಲ," ಅಂದರು ಡ್ರೈವರು. ಫೋಟೋವನ್ನು ಜೇಬಿಗಿಟ್ಟುಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಎದ್ದರು.

ಅವರು ಹೋದಮೇಲೆ ಮಾಸ್ಟರು ಟೇಪು ಸುತ್ತುತ್ತಾ ನನ್ನ ಮುಖ ನೋಡದೆ ಕೇಳಿದರು. "ಹದಿನಾಲ್ಕು ವರ್ಷ ಅವ್ರ ಕೋಟು ಹೊಲ್ದಿದೀನಿ. ಅವ್ರ ತೋಳು ಎಷ್ಟು ಅಂತ ನಂಗ್ ಗೊತ್ತಿಲ್ಲ ಅನ್ಕೊಂಡ್ರಾ ಸಾರ್?"

ನಾನು ಅಳತೆ ಪುಸ್ತಕವನ್ನು ಮತ್ತೆ ಗೂಟಕ್ಕೆ ನೇತುಹಾಕಿದೆ. ಕಾರ್ಖಾನೆಯಲ್ಲಿ ಯಾರೂ ಬೇಕೆಂದು ತಪ್ಪು ಅಳತೆ ಕೊಡುವುದಿಲ್ಲ, ಹಾಗಾಗಿ ಅಂಥದ್ದೊಂದು ಇರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಇದು ಸಮಜಾಯಿಷಿ ಅಲ್ಲ. ಆ ದಿನ ಪಟ್ಟ ನಾಚಿಕೆ ನನಗೆ ಈಗಲೂ ಇದೆ.

ಮುಂದಿನ ಭಾನುವಾರ ಡ್ರೈವರು ಬರಲಿಲ್ಲ. ಅದರ ಮುಂದಿನ ವಾರ ರಜೆ ಹಾಕಿ ಅಲ್ಲಾಳಸಂದ್ರಕ್ಕೆ ಹೋದೆ. ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದ ಮಾತನ್ನು ಉಸಿರು ಬಿಡದೆ ಹೇಳಿದೆ: "ಯಜಮಾನ್ರೇ, ಮತ್ತೆ ಲೆಕ್ಕ ಹಾಕಿ ನೋಡ್ದೆ. ಬರೀ ಕೈ ಉದ್ದ ನೋಡಿದ್ದೆ, ಕಾಲಿನ ವೇಗ ಬಿಟ್ಟುಹೋಗಿತ್ತು. ನೀವೇ ಗೆಲ್ತಿದ್ರಿ. ಮೊದಲ್ನೇ ರೌಂಡಲ್ಲೇ."

ಅವರು ಕಾಲು ಸರಿಸಿ ಮಂಚದ ಮೇಲೆ ನನಗೆ ಜಾಗ ಮಾಡಿದರು. ಸೊಸೆಯನ್ನು ಕರೆದು ನನಗೆ ಕಾಫಿ ಕೊಡಲು ಹೇಳಿದರು. ಆಮೇಲೆ ಮೆಲ್ಲಗೆ ಅಂದರು.

"ಭಾಯಿ ಇಪ್ಪತ್ತೈದೂವರೆ ಅಂದಾಗ್ಲೇ ಸುಳ್ಳು ಅಂತ ಗೊತ್ತಾಯ್ತು ಕಣಪ್ಪಾ. ನನ್ ತೋಳು ನಂಗ್ ಗೊತ್ತಿಲ್ವಾ? ಆದ್ರೂ ಕೊಡ್ತಾವ್ನಲ್ಲ, ಇಸ್ಕೊಳಾನ ಅಂತಿದ್ದೆ."